ಇಪ್ಪತ್ತನಾಲ್ಕನೆಯ ಮನೆ

ನಮ್ಮ ಬೀದಿಯಲ್ಲಿ ಮೂವತ್ತು ಮನೆಗಳೇ ಇರಲಿಲ್ಲವೋ ಏನೋ. ನಾನು ಕಲಿಯಬೇಕಾಗಿದ್ದ ರಸಾಯನಶಾಸ್ತ್ರದ ಮೂಲವಸ್ತುಗಳು ಮೂವತ್ತು. ಹಾಗಾಗಿ ಮನೆಗಳೂ ಮೂವತ್ತಿರಲಿ ಎಂದು ನನ್ನ ನೆನಪು ಆಮೇಲೆ ನಾಲ್ಕೈದು ಕಟ್ಟಿಸಿಕೊಂಡಿರಬಹುದು. ನೆನಪಿಗೆ ಪ್ಲಾನು ಬೇಡ, ಮೇಸ್ತ್ರಿಯೂ ಬೇಡ. ಹೊಸೂರಿನ ಆಲಸನತ್ತಂನ ಆ ಬೀದಿಗೆ ಈಗ ಹೋಗಿ ಎಣಿಸಬಹುದು ನಿಜ. ಆದರೆ ಅಲ್ಲೀಗ ಎಲ್ಲರೂ ಮನೆಯ ಮೇಲೆ ಮನೆ ಎತ್ತಿದ್ದಾರೆ; ಎಣಿಸಿದರೆ ಅನುಮಾನ ಇನ್ನಷ್ಟು ಬೆಳೆಯುತ್ತದೆ.

ಅನುಮಾನವಿಲ್ಲದ್ದು ನನ್ನ ಬೆನ್ನಿನ ವಿಷಯ ಮಾತ್ರ. ಹೊಸೂರಿನ ಎರಕದ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷ ಕುಲುಮೆಯ ಬಳಿ ನಿಂತೂ ನಿಂತೂ ಬೆನ್ನು ಮೂರು ಕಾಲವೂ ಬೆವರುಸಾಲೆ ಬೆಳೆಯುವ ಹೊಲವಾಗಿತ್ತು. ಹೀಗಿರುವಾಗ ಲ್ಯಾಬಿನಲ್ಲಿ ಒಂದು ಜಾಗ ಖಾಲಿಯಾಯಿತು. ಅಲ್ಲಿ ಎ.ಸಿ. ಇತ್ತು. ನಮಗಾಗಿ ಅಲ್ಲ, ಲೋಹ ಪರೀಕ್ಷಿಸುವ ಯಂತ್ರಕ್ಕಾಗಿ. ಆದರೆ ತಂಪು ಯಾರ ಗುರುತಿನ ಚೀಟಿಯನ್ನೂ ಕೇಳುವುದಿಲ್ಲವಲ್ಲ. ಲ್ಯಾಬ್ ನೋಡಿಕೊಳ್ಳುತ್ತಿದ್ದ ಸೇಲಂ ಕಡೆಯ ಸಾರ್ ಒಂದೇ ಷರತ್ತು ಹಾಕಿದರು: "ಮೊದಲ್ನೇ ಮೂವತ್ತು ಎಲಿಮೆಂಟು. ನಂಬರ್ ಪ್ರಕಾರ, ನೋಡ್ದೆ ಹೇಳ್ಬೇಕು. ಒಂದು ತಿಂಗಳು ಟೈಮ್."

ನಮ್ಮೂರು ಬೇರಿಕೆಯ ಶಾಲೆಯಲ್ಲಿ ನಾನು ಕಲಿತದ್ದು ಜಲಜನಕ, ಆಮ್ಲಜನಕ, ಸಾರಜನಕ. ಜನಕರು ಮುಗಿದಲ್ಲಿಗೆ ನನ್ನ ರಸಾಯನಶಾಸ್ತ್ರವೂ ಮುಗಿದಿತ್ತು. ಹತ್ತನೇ ತರಗತಿಯ ಮಗಳು ಭವ್ಯ ಗುರುವಾದಳು. ದಿನಾ ಒಂಬತ್ತನೆಯದಕ್ಕೇ ಎಡವುತ್ತಿದ್ದ ನನ್ನನ್ನು ನೋಡಿ ನೋಡಿ, "ಅಪ್ಪಾ, ಬೀದಿಯಾಗೆ ಯಾರ್ ಮನೇಲಿ ಏನ್ ಸಾರು ಅಂತ ನಿಂಗೆ ನೆಪ್ಪಿರ್ತೈತೆ. ಇದ್ಯಾಕಿರಲ್ಲ?" ಎಂದಳು. ಮನೆಗೊಂದರಂತೆ ಮೂಲವಸ್ತುಗಳನ್ನು ಬೀದಿಯಲ್ಲಿ ಬಾಡಿಗೆಗಿಟ್ಟದ್ದು ಆಮೇಲೆಯೇ. ಉಪಾಯ ಅವಳದೋ ನನ್ನದೋ ಖಚಿತವಿಲ್ಲ. ಚೆನ್ನಾಗಿ ನಡೆದದ್ದೆಲ್ಲ ನನ್ನದೇ ಎನ್ನುವ ಅಭ್ಯಾಸ ನನಗುಂಟು.

ಬೀದಿಯೂ ಸಹಕರಿಸಿತು. ಹದಿನೆಂಟನೇ ಮನೆಯ ನಿವೃತ್ತ ಮೇಷ್ಟ್ರು ಯಾರ ಜೊತೆಗೂ ಸೇರದವರು. ಆರ್ಗಾನ್ ಕೂಡ ಯಾವುದರ ಜೊತೆಗೂ ಸೇರುವುದಿಲ್ಲವಂತೆ. ಸೋಡಿಯಂ ನೀರು ಸೋಕಿದರೆ ಸಿಡಿಯುತ್ತದೆ. ಹನ್ನೊಂದನೇ ಮನೆಯ ಸರಸಮ್ಮ ಬೀದಿ ನಲ್ಲಿಯಲ್ಲಿ ನೀರು ಬಂದ ಕೂಡಲೇ ಸಿಡಿಯುತ್ತಿದ್ದರು. ನಮ್ಮ ಎದುರು ಇಪ್ಪತ್ತನಾಲ್ಕನೇ ಮನೆಯವರು ದಿನಾ ಬೆಳಿಗ್ಗೆ ಹಳದಿ ಬಟ್ಟೆಯಿಂದ ಬೈಕು ಒರೆಸಿ ಮಿರಮಿರ ಮಿನುಗಿಸುತ್ತಿದ್ದರು: ಹೊಳಪಿನ ಲೇಪಕ್ಕೆ ಬಳಸುವ ಕ್ರೋಮಿಯಂ. ನಾನು ಡ್ಯೂಟಿಗೆ ಮೊದಲು ಮನೆಗಳನ್ನು ನೋಡುತ್ತ, ಗೊಣಗುತ್ತ ಬೀದಿ ಸುತ್ತುತ್ತಿದ್ದೆ. "ಮನೆ ಬ್ರೋಕರ್ ಆಗ್ಬುಟ್ರಾ?" ಎಂದಳು ಹೆಂಡತಿ ಯಶೋದ.

ಸುದ್ದಿ ಸರಸಮ್ಮನಿಗೆ ಮುಟ್ಟಿತು. ಸೊಂಟದಲ್ಲಿ ಬಿಂದಿಗೆಯಿಟ್ಟುಕೊಂಡೇ ಬಂದರು.

"ಏನಣ್ಣಾ, ನನ್ನ ಸೋಡಿಯಂ ಅಂತೀರಂತೆ?"

"ಉಪ್ಪಲ್ಲಿರೋದು ಕಣಕ್ಕಾ. ಅದಿಲ್ದೆ ಯಾರ್ ಮನೇಲೂ ಅಡಿಗೆ ಆಗಲ್ಲ."

"ನೀರು ಕಂಡ್ರೆ ಸಿಡೀತೈತಂತಲ್ಲ? ನಮ್ಮ ಹುಡುಗೀನೂ ಇಸ್ಕೂಲಿಗೆ ಹೋಗ್ತಾಳೆ ಕಣಣ್ಣಾ, ಎಲ್ಲಾ ಹೇಳ್ಬುಟ್ಳು."

ಮಾರನೆಯ ದಿನದಿಂದ ನಲ್ಲಿಯ ಸಾಲಿನಲ್ಲಿ ನಮ್ಮ ಬಿಂದಿಗೆ ಕೊನೆಗೆ ಸರಿಯಿತು. ಯಶೋದ ನನ್ನೊಡನೆ ಎರಡು ದಿನ ಆರ್ಗಾನ್ ಆಗಿದ್ದಳು.

ಪರೀಕ್ಷೆಯ ದಿನ ಸಾರ್ ಎದುರು ಕಣ್ಣು ಮುಚ್ಚಿ ನಮ್ಮ ಬೀದಿಯಲ್ಲಿ ನಡೆಯತೊಡಗಿದೆ. ಒಂಬತ್ತು ದಾಟಿತು. ಸರಸಮ್ಮನ ಬಾಗಿಲನ್ನು ತಲೆ ತಗ್ಗಿಸಿಕೊಂಡು ದಾಟಿದೆ. ಇಪ್ಪತ್ತಮೂರೂ ಆಯಿತು. ಮುಂದಿನ ಮನೆಗೆ ಬೀಗ! ಹಿಂದಿನ ಭಾನುವಾರವಷ್ಟೇ ಅವರು ಸಾಮಾನನ್ನು ಟೆಂಪೋಗೆ ತುಂಬಿಕೊಂಡು ಹೋಗಿದ್ದರು. ಬೈಕಿಲ್ಲ, ಹಳದಿ ಬಟ್ಟೆಯಿಲ್ಲ, ಗೇಟಿನ ಮೇಲೆ ಬಾಡಿಗೆಗಿದೆ ಎಂಬ ರಟ್ಟು ಮಾತ್ರ.

"ಇಪ್ಪತ್ನಾಲ್ಕು ಏನಪ್ಪಾ?" ಎಂದರು ಸಾರ್.

"ಖಾಲಿ ಮಾಡ್ಕಂಡ್ ಹೋಗ್ಬುಟ್ರು ಸಾರ್."

"ಯಾರು?"

"ಹೆಸರು ಗೊತ್ತಿಲ್ಲ ಸಾರ್."

ಹದಿನಾಲ್ಕು ವರ್ಷದ ಶಾಖ ಒಮ್ಮೆಗೇ ಬೆನ್ನಿಗೆ ಏರಿತು. ಸಾರ್ ನಕ್ಕರು ಎಂದು ಮನೆಯಲ್ಲಿ ಹೇಳಿದ್ದೇನೆ. ನಗಲಿಲ್ಲ ಎಂದು ಕಾಣುತ್ತದೆ. ಮೇಜಿನ ಮೇಲಿದ್ದ ತಮ್ಮ ಸ್ಟೀಲ್ ಲೋಟವನ್ನು ನನ್ನತ್ತ ತಳ್ಳಿ, "ಇದಕ್ಕೆ ಯಾಕೆ ತುಕ್ಕು ಹಿಡಿಯಲ್ಲ?" ಎಂದರು. ಲೋಟ ಆ ಬೈಕಿನ ಮಡ್‌ಗಾರ್ಡಿನ ಹಾಗೆ ಹೊಳೆಯಿತು.

"ಕ್ರೋಮಿಯಂ!" ಎಂದು ಕೂಗಿಯೇಬಿಟ್ಟೆ. ಮುಂದಿನ ಆರನ್ನೂ ಅದೇ ಉಸಿರಿನಲ್ಲಿ ಹೇಳಿ ಮುಗಿಸಿದೆ.

"ಸೋಮವಾರದಿಂದ ಇಲ್ಲಿಗೆ ಬಾ. ಕೂಗ್ಬೇಡ," ಎಂದರು ಸಾರ್.

ಲ್ಯಾಬಿನ ಯಂತ್ರ ಲೋಹದಲ್ಲಿ ಏನೇನಿದೆ ಎಂದು ತಾನೇ ಅಚ್ಚು ಹಾಕಿ ಕೊಡುತ್ತದೆ. ಯಾವುದು ಎಷ್ಟನೆಯದು ಎಂದು ಮತ್ತೆ ಯಾರೂ ನನ್ನನ್ನು ಕೇಳಲಿಲ್ಲ. ಬೆನ್ನು ವಾಸಿಯಾಯಿತು. ನಲ್ಲಿಯ ಸಾಲಿನಲ್ಲಿ ನಮ್ಮ ಬಿಂದಿಗೆಯೂ ಮೆಲ್ಲಗೆ ಮುಂದೆ ಬಂತು. ಯಂತ್ರ ಕೊಡುವ ಕಾಗದದಲ್ಲಿ ಕ್ರೋಮಿಯಂ ಕಂಡಾಗಲೆಲ್ಲ ಹಳದಿ ಬಟ್ಟೆ ಹಿಡಿದ ಒಂದು ಕೈ ಕಾಣುತ್ತದೆ, ಮುಖ ಕಾಣುವುದಿಲ್ಲ. ಮೂವತ್ತು ಹೆಸರು ಬಾಯಿಪಾಠ ಮಾಡಿದವನು ನಾನು. ಎರಡು ವರ್ಷ ಎದುರುಮನೆಯಲ್ಲಿದ್ದ ಅವರ ಹೆಸರೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.