ಹಾಲೂಡುವ ತಾಯಿಗೆ ಒಂದು ಗಂಟೆ ನಿದ್ದೆ

ಎಳೆ ಮಗು ಇರುವ ಮನೆಯಲ್ಲಿ ಯಾರಿಗೆ ನಿದ್ದೆ ಬೇಕೋ ಅವರಿಗೆ ಸಿಗುವುದಿಲ್ಲ, ಯಾರಿಗೆ ಬೇಡವೋ ಅವರು ಗೊರಕೆ ಹೊಡೆಯುತ್ತಿರುತ್ತಾರೆ. ಈ ಅನ್ಯಾಯ ನಾನು ಕಂಡ ಪ್ರತಿ ಮನೆಯಲ್ಲೂ ನಡೆದಿದೆ, ನಡೆಯುತ್ತಲೇ ಇದೆ.

ನಾನು ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪ್ ಇಟ್ಟುಕೊಂಡಿದ್ದವನು. ಸ್ಕೂಲಿಗೆ ಹೋದದ್ದು ಮೂರೇ ವರ್ಷ. ಉಳಿದ ವಿದ್ಯೆಯನ್ನೆಲ್ಲ ಬೋಂಡ ಕಟ್ಟಿಕೊಟ್ಟ ಪೇಪರು ಬಿಡಿಸಿ ಓದಿ ಕಲಿತೆ. ಜಮೀನು, ನೀರು, ಬಸ್ಸು ಎಲ್ಲದಕ್ಕೂ ಅರ್ಜಿ ಬರೆದಿದ್ದೇನೆ, ಎಲ್ಲ ಕಚೇರಿಗಳ ಮುಂದೆಯೂ ಕೂಗಿದ್ದೇನೆ. ಆಗ ಯಾರೂ ನಗಲಿಲ್ಲ. ಹಾಲೂಡುವ ತಾಯಿಗೆ ನಿದ್ದೆ ಬೇಕು ಎಂದು ಕೂಗಿದಾಗ ಮಾತ್ರ ಮೂರು ತಾಲ್ಲೂಕು ನಕ್ಕಿತು. ನಗಲಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

೧. ಚೊಂಬಿನ ಕಾವಲು

ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿತ್ತು. ನಮ್ಮ ಮನೆಯ ಬಾಣಂತಿ ಕೋಣೆಗೆ ಇನ್ನೂ ಬಂದಿರಲಿಲ್ಲ.

ನನ್ನ ಹೆಂಡತಿಗೆ ತಾಯಿ ಇರಲಿಲ್ಲವಾದ್ದರಿಂದ ಚೊಚ್ಚಲ ಬಾಣಂತನ ನಮ್ಮಲ್ಲೇ ಆಯಿತು. ಅದಕ್ಕೆಂದು ಕೊಣನೂರಿನಿಂದ ನಮ್ಮ ದೊಡ್ಡಮ್ಮ ಬಂದಳು. ಬಂದವಳೇ ಕಾನೂನು ಹೊರಡಿಸಿದಳು: ಬಾಣಂತಿ ಹಗಲು ಹೊತ್ತು ಕಣ್ಣು ಮುಚ್ಚುವಂತಿಲ್ಲ, ಮುಚ್ಚಿದರೆ ಮೈಗೆ ನಂಜೇರುತ್ತದೆ.

ರಾತ್ರಿ ಮಗು ಮಲಗಲು ಬಿಡುತ್ತಿರಲಿಲ್ಲ, ಹಗಲು ದೊಡ್ಡಮ್ಮ ಬಿಡುತ್ತಿರಲಿಲ್ಲ. ಹೆಂಡತಿ ಗೋಡೆಗೆ ಒರಗಿ ಹಾಲು ಕುಡಿಸುತ್ತ ಕೂತರೆ ತಲೆ ವಾಲುತ್ತಿತ್ತು. ಎದುರಿಗೆ ದೊಡ್ಡಮ್ಮ ಹಿತ್ತಾಳೆ ಚೊಂಬು, ಸೌಟು ಹಿಡಿದು ಕಾವಲು. ತಲೆ ವಾಲಿತೋ, ಠಣ್! ತಾಯಿ ಬೆಚ್ಚುತ್ತಿದ್ದಳು, ಮಗು ಹಾಲು ಬಿಟ್ಟು ಅರಚುತ್ತಿತ್ತು.

ಒಂದು ಮಧ್ಯಾಹ್ನ ದೊಡ್ಡಮ್ಮನೇ ಕೂತಲ್ಲಿ ತೂಕಡಿಸಿದಳು. ಚೊಂಬು ಸುಮ್ಮನಾಯಿತು. ಹೆಂಡತಿಗೂ ನಿದ್ದೆ ಹತ್ತಿತು. ತೋಳು ಸಡಿಲವಾಗಿ ಮಗು ತೊಡೆಯಿಂದ ಜಾರಿ ಚಾಪೆಗೆ ಬಂತು. ಒಂದು ಗೇಣು ಎತ್ತರ ಅಷ್ಟೆ, ಏನೂ ಆಗಲಿಲ್ಲ. ನಾನು ಓಡಿಹೋಗಿ ಎತ್ತಿ ಮತ್ತೆ ಅವಳ ತೊಡೆಗೇ ಹಾಕಿದೆ. ಆ ದಿನವೇ ತೀರ್ಮಾನ ಮಾಡಿದೆ. ಮಿಕ್ಕ ಹೋರಾಟ ಆಮೇಲೆ, ಮೊದಲು ಇವಳಿಗೆ ಹಗಲು ಒಂದು ಗಂಟೆ ನಿದ್ದೆ ಕೊಡಿಸಬೇಕು.

"ದೊಡ್ಡಮ್ಮ, ಇವಳು ಮಲಗಿದರೆ ನಂಜು. ಜಗಲಿ ಮೇಲೆ ಊಟ ಮಾಡಿ ಮಲಗಿದಾರಲ್ಲ ಗಂಡಸರು, ಅವರಿಗೆ ನಂಜೇರಲ್ವಾ?" ಎಂದು ಕೂಗಿದೆ.

ದೊಡ್ಡಮ್ಮ ಕಣ್ಣು ಬಿಟ್ಟು, ಚೊಂಬು ಕೆಳಗಿಟ್ಟು ಶಾಂತವಾಗಿ ಹೇಳಿದಳು: "ಗಂಡಸ್ರೇ ನಂಜು ಕಣ್ಲಾ. ಅವರ್ಗೆ ಇನ್ನೇನ್ಲಾ ಏರಾದು?"

೨. ಏಳದ ಮಗು

ತಾಯಿಯ ಕಥೆ ಇದಾದರೆ ಮಗುವಿನದು ಇನ್ನೊಂದು. ಮಗುವಿಗೆ ನೀರು ಹಾಕಲು ಒಬ್ಬ ಅಜ್ಜಿ ಬರುತ್ತಿದ್ದಳು, ಚನ್ನರಾಯಪಟ್ಟಣದ ಕಡೆಯವಳು. ನಮ್ಮ ಬೀದಿಯ ಅರ್ಧ ಮಕ್ಕಳ ಮೂಗು ತಿದ್ದಿದವಳು. ಎರಡು ಕಾಲು ನೀಡಿ ಅದರ ಮೇಲೆ ಮಗುವನ್ನು ಮಲಗಿಸಿ, ಎಣ್ಣೆ ತಿಕ್ಕಿ, ಹಂಡೆ ನೀರು ಹೊಯ್ದು, ಸಾಂಬ್ರಾಣಿ ಹೊಗೆ ಹಾಕಿ ಬಿಗಿಯಾಗಿ ಸುತ್ತಿ ಕೊಡುತ್ತಿದ್ದಳು. ಅಷ್ಟು ನೀರು, ಅಷ್ಟು ಹೊಗೆ ಕಂಡರೆ ಪೈಲ್ವಾನನೂ ಎರಡು ದಿನ ಏಳುವುದಿಲ್ಲ. ಮಗು ಎರಡು ಗುಟುಕು ಹಾಲು ಕುಡಿದು ಮಲಗಿಬಿಡುತ್ತಿತ್ತು. ತಾಯಿಗೆ ಹಾಲು ಕಟ್ಟಿ ಎದೆ ಕಲ್ಲಾಗಿ ಕಣ್ಣಲ್ಲಿ ನೀರು.

ಮಗುವನ್ನು ಎಬ್ಬಿಸಲು ಬೀದಿಯೆಲ್ಲ ಬಂತು. ಒಬ್ಬಳು ಅಂಗಾಲು ಕೆರೆದಳು. ಒಬ್ಬಳು ಕಿವಿ ಹಿಂದೆ ಉಜ್ಜಿದಳು. ಇನ್ನೊಬ್ಬಳು ಒದ್ದೆ ಬಟ್ಟೆಯಲ್ಲಿ ಕೆನ್ನೆ ಒರೆಸಿದಳು. ಮಗು ಜಗ್ಗಲಿಲ್ಲ.

ನನಗೆ ತಡೆಯಲಾಗಲಿಲ್ಲ. ಬಾಗಿಲಲ್ಲಿ ನಿಂತು ಹೇಳಿದೆ: "ಅಜ್ಜಿ, ಮೊದಲು ಹಾಲು ಕುಡಿಸಲಿ. ಸ್ವಲ್ಪ ಹೊತ್ತು ಬಿಟ್ಟು ನೀರು ಹಾಕು. ಹೊಟ್ಟೆ ತುಂಬಿದ ಮೇಲೆ ಎಷ್ಟು ಬೇಕಾದರೂ ಮಲಗಲಿ."

ಅಜ್ಜಿ ತಿರುಗಿಯೂ ನೋಡಲಿಲ್ಲ. "ಓಗಪ್ಪ, ಓಗು. ನೀನು ಸೈಕಲ್ಗೆ ಪಂಚರ್ ಆಕೋಗು. ನಾನು ನಿಂಗೂ ನೀರಾಕ್ದೋಳು ಕಣ."

ಸಿಟ್ಟು ನೆತ್ತಿಗೇರಿತು. "ಅದಕ್ಕೇ ನಾನು ಇಪ್ಪತ್ತು ವರ್ಷ ಎಚ್ಚರವಾಗಲಿಲ್ಲ! ಈ ದೇಶದಲ್ಲಿ ಹುಟ್ಟಿದ ಮಗುವಿಗೆ ಮೊದಲ ದಿನದಿಂದಲೇ ಹೊಗೆ ಹಾಕಿ ಮಲಗಿಸುತ್ತೀರಿ! ಹಸಿದ ಹೊಟ್ಟೆಯಲ್ಲಿ ಮಲಗುವುದನ್ನು ಅಲ್ಲಿಂದಲೇ ಕಲಿಸುತ್ತೀರಿ!" ಕಚೇರಿ ಮುಂದೆ ಕೂಗುವ ದನಿಯಲ್ಲೇ ಕೂಗಿದೆ.

ಮಗು ಕಣ್ಣು ಬಿಟ್ಟಿತು. ನನ್ನನ್ನು ನೋಡಿ ಬಾಯಿ ತೆರೆದು ಅತ್ತಿತು. ಹೆಂಡತಿ ತಕ್ಷಣ ಎದೆಗೆ ಹಚ್ಚಿಕೊಂಡಳು. ಗಟಗಟ ಕುಡಿಯಿತು.

ಅಜ್ಜಿ ಸೋಲಲಿಲ್ಲ. ನೀರು ಹಾಕುವ ಹೊತ್ತನ್ನೂ ಬದಲಾಯಿಸಲಿಲ್ಲ. ಮಾರನೆ ದಿನದಿಂದ ಮಗುವನ್ನು ಸುತ್ತಿ ಕೊಟ್ಟು, ಬೀದಿಗೆ ಬಂದು ಶಾಪಿನ ಕಡೆ ಕೂಗುತ್ತಿದ್ದಳು: "ಬಾರಪ್ಪ, ನೀರಾಕಿ ಆಯ್ತು! ಬಂದು ಒಸಿ ಭಾಷಣ ಮಾಡು!"

೩. ಕೆಂಪು ಔಷಧಿ

ಮಗುವಿನ ನಿದ್ದೆ ಹೀಗೆ ಬಗೆಹರಿಯಿತು. ತಾಯಿಯದು ಬಗೆಹರಿಯಲಿಲ್ಲ. ದೊಡ್ಡಮ್ಮನ ಚೊಂಬು ನಿಲ್ಲಲಿಲ್ಲ.

ಹಾಸನದಲ್ಲಿ ಒಬ್ಬ ವಯಸ್ಸಾದ ಡಾಕ್ಟರು ಸ್ವಂತ ದವಾಖಾನೆ ಇಟ್ಟಿದ್ದರು. ಬೆಳಗಿನ ಬಸ್ಸಿಗೆ ಹೋಗಿ ಅವರ ಮುಂದೆ ನಿಂತೆ. ಹಾಲು ಕುಡಿಸುವವಳು ಹಗಲು ಮಲಗಿದರೆ ತಪ್ಪೇ ಎಂದು ಕೇಳಿದೆ. "ಯಾರಯ್ಯ ಹೇಳಿದ್ದು? ಮಗು ಮಲಗಿದಾಗ ಅವಳೂ ಮಲಗಲಿ" ಎಂದರು. ಹಾಗೆಂದು ಬರೆದುಕೊಡಿ ಎಂದೆ. ಬರೆದು ಸಹಿ ಹಾಕಿ ಕೊಟ್ಟರು. ಆ ಚೀಟಿಯನ್ನು ಬಾವುಟದ ಹಾಗೆ ಹಿಡಿದುಕೊಂಡು ಮನೆಗೆ ಬಂದೆ, ದೊಡ್ಡಮ್ಮನ ಮುಂದೆ ಗಟ್ಟಿಯಾಗಿ ಓದಿದೆ.

ದೊಡ್ಡಮ್ಮ ಕೇಳಿದಳು: "ಔಸ್ತಿ ಎಲ್ಲಿ?"

"ನಿದ್ದೆಯೇ ಔಷಧಿ ಅಂತ ಬರೆದಿದ್ದಾರೆ."

"ಅಂಗಂದ್ರೆ ಅವನು ಡಾಕ್ಟ್ರೇ ಅಲ್ಲ ಬುಡು. ಸೀಸೆ ಕೊಡದೆ ಇರೋನು ಎಂತಾ ಡಾಕ್ಟ್ರು?"

ಮತ್ತೆ ಹಾಸನಕ್ಕೆ ಹೋದೆ. ಡಾಕ್ಟರು ನಕ್ಕು, ಒಂದು ಸೀಸೆಗೆ ಓಮದ ನೀರು ತುಂಬಿಸಿ, ಕೆಂಪು ಬಣ್ಣ ಹಾಕಿಸಿ, ಪಕ್ಕಕ್ಕೆ ಅಳತೆಯ ಗುರುತಿನ ಕಾಗದ ಅಂಟಿಸಿ ಕೊಟ್ಟರು. "ದಿನಕ್ಕೆ ಒಂದು ಗುರುತು, ಊಟ ಆದ ಮೇಲೆ. ಕುಡಿದು ಒಂದು ಗಂಟೆ ಮಲಗದಿದ್ದರೆ ಔಷಧಿ ತಲೆಗೇರುತ್ತೆ ಅಂತ ಹೇಳು."

ನನಗೆ ಮೈಯೆಲ್ಲ ಉರಿಯಿತು. ಸತ್ಯಕ್ಕೆ ಬೆಲೆ ಇಲ್ಲ, ಬಣ್ಣಕ್ಕೆ ಬೆಲೆ! ಆದರೆ ಚಾಪೆಗೆ ಜಾರಿದ ಮಗು ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿಕೊಂಡು ಸೀಸೆ ತಂದೆ.

ಅಂದಿನಿಂದ ದೊಡ್ಡಮ್ಮನೇ ಗುರುತು ನೋಡಿ ಔಷಧಿ ಕುಡಿಸಿದಳು, ಬಾಗಿಲು ಮುಂದೆ ಮಾಡಿದಳು, ಯಾರಾದರೂ ಕೆಮ್ಮಿದರೂ ಗದರಿದಳು. ಮಗು ಅವಳ ಮಡಿಲಲ್ಲಿ. ಬಾಣಂತಿಗೆ ಒಂದು ಗಂಟೆ ನಿದ್ದೆ. ನಾಲ್ಕನೇ ದಿನಕ್ಕೆ ಸೀಸೆ ಲೆಕ್ಕಕ್ಕಿಂತ ಬೇಗ ಖಾಲಿಯಾಗಿತ್ತು. ಒಳಗೆ ಹೋಗಿ ನೋಡಿದೆ. ಹೆಂಡತಿ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಎದ್ದು ಕೂತಿದ್ದಳು. ಪಕ್ಕದಲ್ಲಿ ದೊಡ್ಡಮ್ಮ, ತುಟಿಯೆಲ್ಲ ಕೆಂಪು, ಗೊರಕೆ.

"ಶ್!" ಎಂದಳು ಹೆಂಡತಿ. "ಎಬ್ಬಿಸಬೇಡಿ. ಔಷಧಿ ತಲೆಗೇರುತ್ತೆ."

೪. ಬದುವಿನ ಮೇಲೆ

ಮಗುವಿಗೆ ಐದು ತಿಂಗಳಾದಾಗ ದೊಡ್ಡಮ್ಮ ತಾಯಿ ಮಗು ಇಬ್ಬರನ್ನೂ ಕೊಣನೂರಿಗೆ ಕರೆದುಕೊಂಡು ಹೋದಳು. ನಾಟಿಯ ಕಾಲ. ನೋಡಲು ಹೋದವನು ಗದ್ದೆ ಬದುವಿನ ಮೇಲೆ ನಿಂತೆ.

ಅಲ್ಲಿ ಕೂಲಿ ಹೆಂಗಸರು ಬಗ್ಗಿ ಪೈರು ನೆಡುತ್ತಿದ್ದರು. ಎಳೆ ಮಕ್ಕಳು ಹೊಂಗೆ ಮರಕ್ಕೆ ಕಟ್ಟಿದ ಸೀರೆ ಜೋಲಿಯಲ್ಲಿ. ಜಮೀನಿನ ಯಜಮಾನರು ಒಬ್ಬ ಮೇಸ್ತ್ರಿಯನ್ನು ಇಟ್ಟಿದ್ದರು. ಅವನ ಕಾನೂನು ನಮ್ಮ ದೊಡ್ಡಮ್ಮನ ಕಾನೂನಿಗಿಂತ ಕೆಟ್ಟದ್ದು: ಮಗು ಅತ್ತರೆ ಹೋಗಬಹುದು, ಅಳು ನಿಂತ ಕೂಡಲೆ ಬರಬೇಕು. ಹಾಲು ಕುಡಿಸುತ್ತ ಒಬ್ಬಳು ಬದುವಿನ ಮೇಲೆ ಕೂತಲ್ಲೇ ನಿದ್ದೆ ಹೋದಳು. ಮಗು ಜಾರಿ ಕೆಸರಿಗೆ ಬಂತು. ಮೆತ್ತನೆ ಕೆಸರು, ಪುಣ್ಯ. ಮೇಸ್ತ್ರಿ ಮಗುವನ್ನು ಎತ್ತಲಿಲ್ಲ, ತಾಯಿಯನ್ನು ಬೈದ.

ನಾನು ಕೆಸರಿಗೆ ಇಳಿದು ಮಗುವನ್ನು ಎತ್ತಿ, ಅವನ ಮುಖದ ಮುಂದೆ ಹಿಡಿದೆ. "ಮಧ್ಯಾಹ್ನ ಊಟವಾದ ಮೇಲೆ ಹಾಲೂಡುವವರಿಗೆ ಒಂದು ಗಂಟೆ ಮಲಗಲು ಬಿಡಿ. ಒಬ್ಬ ಮುದುಕಿ ಮಕ್ಕಳನ್ನು ನೋಡಿಕೊಳ್ಳಲಿ. ಇಷ್ಟೇ ಕೇಳುತ್ತಿರೋದು."

"ಸಾ, ಬಯಲಾಗೆ, ಬಿಸ್ಲಾಗೆ ಯಾರ್ಗೆ ಸಾ ನಿದ್ದೆ ಬತ್ತದೆ?" ಎಂದ ಮೇಸ್ತ್ರಿ.

ನಾನು ಮರದ ಕಡೆ ಕೈ ತೋರಿಸಿದೆ. ಅಲ್ಲಿ ಯಜಮಾನರು ಈಜಿ ಚೇರಿನಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದರು.

"ಅವರು ಮಲ್ಗಿಲ್ಲ ಸಾ," ಎಂದ ಮೇಸ್ತ್ರಿ. "ಕೆಲ್ಸ ನೋಡ್ಕತಾವ್ರೆ."

೫. ಕೊಣನೂರಿನ ಸಭೆ

ಮುಂದಿನ ವಾರವೇ ಸಂತೆಮಾಳದಲ್ಲಿ ಸಭೆ ಕರೆದೆ. ಹಾಲೂಡುವ ತಾಯಂದಿರು ಮುಂದೆ, ಗಂಡಸರು ಹಿಂದೆ. ಮಧ್ಯಾಹ್ನದ ಹೊತ್ತು, ಮರದ ನೆರಳು. ಯಜಮಾನರು ಬರಲಿಲ್ಲ; ನಾವು ಏನು ಕೇಳುತ್ತೇವೋ ತಿಳಿದುಕೊಂಡು, ಆಗುವಂಥದ್ದಾದರೆ ಒಪ್ಪಿ ಬಾ ಎಂದು ಮೇಸ್ತ್ರಿಯನ್ನು ಕಳಿಸಿದ್ದರು. ನನ್ನ ಹೆಂಡತಿಯೂ ಮಗು ಎತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತಳು.

ಎತ್ತಿನ ಗಾಡಿ ಹತ್ತಿ ಶುರು ಮಾಡಿದೆ. ತಾಯಿಯ ನಿದ್ದೆ ಕಿತ್ತುಕೊಂಡವರು ದೇಶ ಕಟ್ಟುವುದುಂಟೇ ಎಂದೆ. ಚೊಂಬಿನಿಂದ ಹಿಡಿದು ಕೆಸರಿನವರೆಗೆ ಎಲ್ಲ ಹೇಳಿದೆ. ಎಷ್ಟು ಹೊತ್ತು ಮಾತಾಡಿದೆನೋ ಗೊತ್ತಿಲ್ಲ. ಕೆಳಗೆ ನೋಡಿದರೆ ಮುಂದಿನ ಸಾಲು ಪೂರ್ತಿ ಒಬ್ಬರ ಭುಜಕ್ಕೊಬ್ಬರು ಒರಗಿ ನಿದ್ದೆ ಹೋಗಿದೆ. ನನ್ನ ಹೆಂಡತಿಯೂ!

"ನಿಮ್ಮ ಸಲುವಾಗಿ ಗಂಟಲು ಹರಿದುಕೊಳ್ಳುತ್ತಿದ್ದೇನೆ! ನೀವು ಮಲಗಿದ್ದೀರಾ!" ಎಂದು ಗುಡುಗಿದೆ.

ಒಬ್ಬ ತಾಯಿಯೂ ಏಳಲಿಲ್ಲ. ಮಕ್ಕಳೆಲ್ಲ ಎದ್ದವು. ಹತ್ತು ಹನ್ನೆರಡು ಮಕ್ಕಳು ಒಟ್ಟಿಗೆ ಅರಚಿದವು, ಒಂದೆರಡು ಮಡಿಲಿನಿಂದ ಜಾರತೊಡಗಿದವು. ಹಿಂದೆ ನಿಂತಿದ್ದ ಗಂಡಸರು ಗಾಬರಿಯಿಂದ ನುಗ್ಗಿ ಒಬ್ಬೊಬ್ಬರೂ ಒಂದೊಂದನ್ನು ಎತ್ತಿಕೊಂಡರು. ಮೇಸ್ತ್ರಿಯ ಪಾಲಿಗೆ ಎರಡು ಬಂದವು.

ನನ್ನ ಹೆಂಡತಿ ಒಂದು ಕಣ್ಣು ಮಾತ್ರ ತೆರೆದಳು. ಎದ್ದು ಬಂದು ಮಗುವನ್ನು ಗಾಡಿ ಮೇಲಿದ್ದ ನನ್ನ ಕೈಗಿಟ್ಟಳು. "ಊರೋರ್ನೆಲ್ಲ ಬೈದ್ರಿ. ದೊಡ್ಡಮ್ಮನ್ನ ಬೈದ್ರಿ, ಅಜ್ಜೀನ ಬೈದ್ರಿ. ಐದು ತಿಂಗಳಲ್ಲಿ ಒಂದು ದಿನ, ನೀನು ಮಲಕ್ಕೊ ನಾನು ಎತ್ಕೋತೀನಿ ಅಂದ್ರಾ? ಹಿಡ್ಕಳಿ. ಸಣ್ಣಗೆ ಮಾತಾಡಿ." ಹೋಗಿ ಮತ್ತೆ ಒರಗಿದಳು.

ಎಲ್ಲ ಅಧಿಕಾರಿಗಳಿಗೂ ಉತ್ತರ ಕೊಟ್ಟವನು ಗಾಡಿ ಮೇಲೆ ಮಗು ತೂಗುತ್ತ ನಿಂತೆ. ಕೆಳಗೆ ಊರಿನ ಗಂಡಸರೆಲ್ಲ ಮಕ್ಕಳನ್ನು ತೂಗುತ್ತ ಆ ಕಡೆ ಈ ಕಡೆ ಓಡಾಡುತ್ತಿದ್ದರು. ಸಂತೆಮಾಳದಲ್ಲಿ ಅಂಥ ಮೆರವಣಿಗೆ ಅದಕ್ಕೆ ಮುಂಚೆ ನಡೆದಿರಲಿಲ್ಲ.

ಮುಕ್ಕಾಲು ಗಂಟೆ ಕಳೆಯಿತು. ಮೇಸ್ತ್ರಿಯ ಪಂಚೆ ಎರಡು ಕಡೆ ಒದ್ದೆಯಾಗಿತ್ತು. ಗಾಡಿ ಹತ್ತಿರ ಬಂದು ಪಿಸುಗುಟ್ಟಿದ: "ಸಾ, ಒಪ್ಕಂಡ್ವಿ. ದಿನಾ ಒಂದು ಗಂಟೆ ಮಲೀಕಳ್ಲಿ. ನೋಡ್ಕಳಾಕೆ ಮುದುಕೀನೂ ಇಡ್ತೀವಿ. ಮೊದ್ಲು ಈ ಕೂಸ್ಗಳ್ನ ತಕ್ಕಳಿ ಸಾ!"

"ಗಟ್ಟಿಯಾಗಿ ಹೇಳಯ್ಯ!" ಎಂದೆ ನಾನು, ಪಿಸುದನಿಯಲ್ಲೇ.

ಅವನು ಗಟ್ಟಿಯಾಗಿಯೇ ಹೇಳಿದ. ಆ ಸದ್ದಿಗೆ ಮುಂದಿನ ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಕೆಸರಿಗೆ ಮಗು ಜಾರಿತ್ತಲ್ಲ, ಆ ತಾಯಿ ಕಣ್ಣುಜ್ಜಿಕೊಂಡು ಕೇಳಿದಳು:

"ಮೀಟಿಂಗು ಯಾವಾಗ ಸುರು ಆಯ್ತದೆ ಸಾ?"

"ಮುಗೀತು ಕಣವ್ವ. ಗೆದ್ದೆವು! ದಿನಾ ಒಂದು ಗಂಟೆ ನಿದ್ದೆ ಕೊಡ್ತಾರಂತೆ."

ಅವಳು ಮೇಸ್ತ್ರಿಯ ಕೈಯಿಂದ ತನ್ನ ಮಗುವನ್ನು ಇಸಿದುಕೊಂಡಳು.

"ಅಯ್ಯೋ, ಇವತ್ತಿನ ಪಾಲ್ನ ನಾವಾಗ್ಲೇ ತಕ್ಕಂಬುಟ್ವಲ್ಲ ಸಾ!"