ಮನೆ ಮುಂದೆ ಆಲೂಗಡ್ಡೆ ಸುಟ್ಟಿದ್ದು

ಕೆಲವರು ಹುಟ್ಟುತ್ತಲೇ ನಗುಮುಖ ತಂದಿರುತ್ತಾರೆ. ಅಂಥವರು ಹಲ್ಲುನೋವಿನಲ್ಲಿ ನರಳುತ್ತಿದ್ದರೂ ಯಾವುದೋ ಮದುವೆ ಊಟ ಮುಗಿಸಿಕೊಂಡು ಬಂದವರ ಹಾಗೆ ಕಾಣುತ್ತಾರೆ. ನನಗೆ ಬಂದಿರುವುದು ಸಾವಿನ ಮನೆಗೆ ಹೋಗಿ ಬಂದ ಮುಖ. ಇದು ನಾನು ದುಡಿದು ಸಂಪಾದಿಸಿದ್ದಲ್ಲ. ಶಿರಾಳಕೊಪ್ಪದ ಪಾತ್ರೆ ಅಂಗಡಿಯ ಜೊತೆಗೆ ನಮ್ಮಪ್ಪನಿಂದ ಬಂದ ಆಸ್ತಿ. ಹುಬ್ಬುಗಳು ಹೊರಗಡೆಗೆ ಇಳಿಬಿದ್ದಿವೆ, ತುಟಿಯ ಎರಡು ತುದಿಯೂ ಕೆಳಕ್ಕೆ ಬಾಗಿವೆ, ಕಣ್ಣಿನ ಕೆಳಗೆ ಸಣ್ಣ ಚೀಲಗಳಿವೆ. ಮದುವೆಗೆ ಪಾತ್ರೆ ಕೊಳ್ಳಲು ಗಲಗಲ ಮಾತಾಡುತ್ತಾ ಬಂದವರು ಗಲ್ಲಾದ ಹಿಂದೆ ನನ್ನನ್ನು ಕಂಡ ಕೂಡಲೇ ದನಿ ತಗ್ಗಿಸುತ್ತಾರೆ. ನನ್ನ ಮದುವೆಯ ಫೋಟೋ ನೋಡಿದ ದೂರದ ನೆಂಟರೊಬ್ಬರು, ಹುಡುಗನಿಗೆ ಇಷ್ಟವಿರಲಿಲ್ಲವೇ ಎಂದು ಕೇಳಿದ್ದರಂತೆ. ಇಷ್ಟವಿತ್ತು ಸ್ವಾಮಿ, ಬಹಳ ಇಷ್ಟವಿತ್ತು. ಮುಖಕ್ಕೆ ಆ ಸುದ್ದಿ ಮುಟ್ಟಿರಲಿಲ್ಲ, ಅಷ್ಟೆ. ಈ ಮುಖದಿಂದ ಇರುವ ಲಾಭ ಒಂದೇ. ಯಾರ ಮನೆಯಲ್ಲಿ ಸಾವಾದರೂ ನಾನು ಹೋಗಿ ಮೂಲೆಯಲ್ಲಿ ಕೂತರೆ ಮನೆಯವರಿಗೆ ಸ್ವಲ್ಪ ಸಮಾಧಾನವಾಗುತ್ತದೆ. ತಮಗಿಂತ ಹೆಚ್ಚು ಕಷ್ಟದಲ್ಲಿರುವವರು ಒಬ್ಬರಿದ್ದಾರೆ ಎಂದುಕೊಳ್ಳುತ್ತಾರೆ.

ಇಂಥ ಮುಖ ಇಟ್ಟುಕೊಂಡವನು ಮನೆ ಮುಂದೆ ಕೂತು ಆಲೂಗಡ್ಡೆ ಸುಡಬಾರದು. ಇದು ನನಗೆ ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಗೊತ್ತಾಯಿತು. ಹಾಗೆ ಸುಡುವ ಪ್ರಸಂಗ ಬಂದದ್ದು ನಮ್ಮ ಅತ್ತೆಯವರಿಂದ, ಅಂದರೆ ನನ್ನ ಹೆಂಡತಿ ಗಿರಿಜೆಯ ತಾಯಿಯಿಂದ. ಅವರದು ಸೊರಬ ತಾಲ್ಲೂಕಿನ ಕುಪ್ಪಗಡ್ಡೆ. ಮಗ ಸೊಸೆ ಅಲ್ಲೇ ಗದ್ದೆ ನೋಡಿಕೊಂಡಿದ್ದಾರೆ. ಅತ್ತೆಯವರಿಗೆ ಕಾಯಿಲೆ ಜೋರಾದ ಮೇಲೆ ಶಿವಮೊಗ್ಗದ ಆಸ್ಪತ್ರೆಗೆ ಓಡಾಡಲು ಅನುಕೂಲವೆಂದು ನಮ್ಮ ಮನೆಗೆ ಕರೆತಂದಿದ್ದೆವು. ಕೊನೆಗೊಂದು ದಿನ ಡಾಕ್ಟರು, ಇನ್ನು ಓಡಾಡಿಸಬೇಡಿ, ಮನೆಯಲ್ಲೇ ಇಟ್ಟುಕೊಂಡು ಕೇಳಿದ್ದು ಕೊಡಿ ಎಂದರು. ಆ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗಿರಿಜೆ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಬಂದಳು. ಕೇಳಿದ್ದು ಕೊಡೋಣವೆಂದರೆ ಅತ್ತೆಯವರು ಏನನ್ನೂ ಕೇಳುತ್ತಿರಲಿಲ್ಲ. ಗಂಜಿ ಬೇಡ, ಎಳನೀರು ಬೇಡ, ಮಗಳು ಪ್ರೀತಿಯಿಂದ ಮಾಡಿದ ಶಾವಿಗೆ ಪಾಯಸವೂ ಬೇಡ. ಗೋಡೆಗೆ ಮುಖ ತಿರುಗಿಸಿ ಮಲಗಿಬಿಟ್ಟಿದ್ದರು.

ಇಲ್ಲಿ ಒಂದು ಮಾತು ಹೇಳಬೇಕು. ಅತ್ತೆಯವರು ಮದುವೆಯಾದಾಗಿನಿಂದ ನನ್ನ ಜೊತೆ ನೇರವಾಗಿ ಮಾತಾಡಿದವರೇ ಅಲ್ಲ. ಜಗಳವೇನಿರಲಿಲ್ಲ. ಅಳಿಯನ ಎದುರು ಅತ್ತೆಯಾದವಳು ನಿಂತು ಮಾತಾಡಬಾರದೆಂಬ ಹಳೆಯ ಪದ್ಧತಿಯನ್ನು ಬೇರೆಯವರೆಲ್ಲ ಬಿಟ್ಟರೂ ಇವರು ಬಿಟ್ಟಿರಲಿಲ್ಲ. ನಾನು ಎದುರಿಗೇ ಕೂತು ಉಣ್ಣುತ್ತಿದ್ದರೂ, ಅಳಿಯಂದ್ರಿಗೆ ಸಾರು ಬೇಕಾ ಕೇಳೇ ಎಂದು ಮಗಳಿಗೆ ಹೇಳುವರು. ಬೇಕು ಎಂದು ನಾನೂ ಮಗಳಿಗೇ ಹೇಳುವೆ. ಒಮ್ಮೆ ಗಿರಿಜೆ ಪೇಟೆಗೆ ಹೋಗಿದ್ದಾಗ ಮನೆಯಲ್ಲಿ ನಾವಿಬ್ಬರೇ. ಕಾಫಿ ಲೋಟ ಹೊಸ್ತಿಲ ಮೇಲಿಟ್ಟು, ಅಲ್ಲೇ ಮಲಗಿದ್ದ ಬೆಕ್ಕಿಗೆ, ಅಳಿಯಂದ್ರ ಕಾಫಿ ಆರಿ ಹೋಗ್ತದೆ ಎಂದರು. ಕುಡಿಯುತ್ತೇನೆ ಎಂದು ನಾನು ಬೆಕ್ಕಿಗೆ ತಿಳಿಸಿದೆ. ಬೆಕ್ಕು ಎದ್ದು ಹೋಯಿತು. ಹೀಗೆ ನಮ್ಮಿಬ್ಬರ ಮಾತಿನ ನಡುವೆ ಕೂತಿರುವ ಸಹನೆ ಗಿರಿಜೆಯೊಬ್ಬಳಿಗೇ ಇರುವುದು.

ಒಂದು ದಿನ ಬೆಳಿಗ್ಗೆ ಅತ್ತೆಯವರು ಬಾಯಿಬಿಟ್ಟರು. ಹಂಡೆ ಒಲೆಯ ಬೂದಿಯಲ್ಲಿ ಸುಟ್ಟ ಆಲೂಗಡ್ಡೆ ಸಿಕ್ಕಿದ್ದರೆ ಒಂದು ಚೂರು ತಿನ್ನಬಹುದಿತ್ತು ಎಂದು ಗಿರಿಜೆಯ ಹತ್ತಿರ ಹೇಳಿದರು. ಗಿರಿಜೆ ಓಡಿ ಬಂದು ನನಗೆ ಹೇಳಿದಾಗ ಅವಳ ಮುಖ ನೋಡಬೇಕಿತ್ತು, ಪರೀಕ್ಷೆ ಪಾಸಾದ ಹುಡುಗಿಯ ಹಾಗಿತ್ತು. ಆದರೆ ನಮ್ಮ ಮನೆಯಲ್ಲಿ ಹಂಡೆ ಒಲೆ ಎಲ್ಲಿಂದ ಬರಬೇಕು? ಬಚ್ಚಲಿಗೆ ಟೈಲ್ಸ್ ಹಾಕಿ ಗೀಸರ್ ಕೂರಿಸಿ ಎಷ್ಟೋ ಕಾಲವಾಗಿದೆ. ಗೀಸರಿನಲ್ಲಿ ಬೂದಿ ಇರುವುದಿಲ್ಲ. ಗ್ಯಾಸ್ ಒಲೆಯ ಮೇಲೆ ಸುಟ್ಟೆವು. ಸಿಪ್ಪೆ ಕರಿದಾಯಿತು, ಒಳಗೆ ಹಸಿ. ಕುಕ್ಕರಿನಲ್ಲಿ ಬೇಯಿಸಿ ಆಮೇಲೆ ಸಿಪ್ಪೆ ಸುಟ್ಟು ಕೊಟ್ಟೆವು. ಅತ್ತೆಯವರು ನಾಲಿಗೆಗೆ ಮುಟ್ಟಿಸಿ, ಇದು ಬೇಯಿಸಿದ್ದು ಎಂದು ಹೇಳಿ ಮತ್ತೆ ಗೋಡೆಯ ಕಡೆ ತಿರುಗಿದರು. ಸಾಯಲು ಮಲಗಿದವರಿಗೆ ಮೋಸ ಮಾಡಹೊರಟ ನಮಗೆ ನಾಚಿಕೆಯಾಯಿತು.

ಆಗ ನೆನಪಾದದ್ದು ನಮ್ಮ ಅಂಗಡಿಯ ಅಟ್ಟದ ಮೇಲಿದ್ದ ಬಾರ್ಬೆಕ್ಯೂ ಒಲೆ. ಮೂರು ಕಾಲು, ದೊಡ್ಡ ಬಾಣಲೆಯಂಥ ಹೊಟ್ಟೆ, ಮೇಲೊಂದು ಗುಮ್ಮಟದಂಥ ಮುಚ್ಚಳ. ಈಗ ಎಲ್ಲ ಕಡೆ ಇದೇ ಓಡುವುದು ಎಂದು ಹುಬ್ಬಳ್ಳಿಯ ಏಜೆಂಟನೊಬ್ಬ ನನ್ನ ತಲೆಗೆ ಕಟ್ಟಿಹೋಗಿದ್ದ. ಅದು ಅಂಗಡಿಯ ಮುಂದೆ ನಿಂತಷ್ಟು ದಿನ ಎಲ್ಲರೂ ಅದರ ಬಗ್ಗೆ ಕೇಳಿದರು, ಯಾರೂ ಅದನ್ನು ಕೇಳಲಿಲ್ಲ. ಕೋಳಿ ಮುಚ್ಚುವುದೇ ಎಂದರು ಒಬ್ಬರು. ಇನ್ನೊಬ್ಬರು ಮುಚ್ಚಳ ಮಾತ್ರ ಕೊಡುತ್ತೀರಾ, ಪಂಪ್‌ಸೆಟ್ಟಿನ ಮೇಲೆ ಮಳೆ ಬೀಳುತ್ತದೆ ಎಂದರು. ಮಾಂಸ ಸುಡುವ ಒಲೆಯಂತೆ ಎಂದು ಯಾರೋ ಹೇಳಿದ ಮೇಲೆ ನಮ್ಮ ಮಠದ ಕಡೆಯ ಗಿರಾಕಿಗಳು ಆ ಬದಿಯ ಸ್ಟೀಲ್ ಡಬ್ಬಿಗಳನ್ನೂ ಮುಟ್ಟದಾದರು. ಕೊನೆಗೆ ಅಟ್ಟ ಸೇರಿತು. ಧೂಳು ಒರೆಸಿ ಮನೆಗೆ ತಂದೆ.

ಇಡುವುದೆಲ್ಲಿ? ಹಿತ್ತಲೆಂದರೆ ಸಿಲಿಂಡರ್ ಇಟ್ಟಿರುವ ಸಂದು. ತಾರಸಿಯ ಮೇಲೆ ಬಟ್ಟೆ ಒಣಗುತ್ತಿತ್ತು. ಹೀಗಾಗಿ ಬೀದಿಗೆ ಮುಖ ಮಾಡಿರುವ ಮುಂದಿನ ಅಂಗಳದಲ್ಲೇ ಇಟ್ಟೆ. ಇದ್ದಿಲು ಹುಡುಕಿದೆ; ಇಸ್ತ್ರಿ ಅಂಗಡಿಯವರೂ ಕರೆಂಟಿಗೆ ಬದಲಾಗಿದ್ದರು. ಹಿಂದಿನ ಬೀದಿಯಲ್ಲಿ ಎಮ್ಮೆ ಕಟ್ಟಿರುವ ಮನೆಯಿಂದ ಒಂದು ಪುಟ್ಟಿ ಸಗಣಿ ಕುಳ್ಳು ತಂದೆ. ಬೂದಿಯ ರುಚಿ ಬರಬೇಕಾದರೆ ಕುಳ್ಳೇ ಸರಿ ಎಂದು ಗಿರಿಜೆಯೂ ಹೇಳಿದಳು. ಮಳೆಗಾಲದ ಕುಳ್ಳು ಪೂರ್ತಿ ಒಣಗಿರುವುದಿಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಆಲೂಗಡ್ಡೆ ತೊಳೆದು, ಸಿಪ್ಪೆಯ ಮೇಲೆ ಎಣ್ಣೆ ಉಪ್ಪು ಸವರಿ, ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ, ಕೆಂಡ ಒಂದು ಮಗ್ಗುಲಿಗೆ, ಆಲೂಗಡ್ಡೆ ಇನ್ನೊಂದು ಮಗ್ಗುಲಿಗೆ ಮಾಡಿ ಮುಚ್ಚಳ ಹಾಕಿದೆ. ಮೊಬೈಲಿನಲ್ಲಿ ನೋಡಿದ ವೀಡಿಯೋದವನು, ಮುಚ್ಚಳವನ್ನು ಪದೇ ಪದೇ ತೆಗೆಯಬೇಡಿ, ಗಂಟೆಗೂ ಹೆಚ್ಚು ಹಿಡಿಯುತ್ತದೆ, ತಾಳ್ಮೆಯಿಂದ ಕೂತಿರಿ ಎಂದಿದ್ದ. ತಾಳ್ಮೆಯಿಂದ ಕೂತೆ. ಹೊಗೆ ಒಳಗೆ ಬರದಿರಲೆಂದು ಗಿರಿಜೆ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿಕೊಂಡಳು. ನಾನು ಪ್ಲಾಸ್ಟಿಕ್ ಕುರ್ಚಿಯ ಮೇಲೆ, ತಲೆಗೆ ಟವೆಲ್ ಸುತ್ತಿಕೊಂಡು, ಹೊಗೆಗೆ ಕಣ್ಣೀರು ಸುರಿಸುತ್ತಾ ಒಲೆಯನ್ನೇ ನೋಡುತ್ತಿದ್ದೆ.

ಮೊದಲು ಬಂದವರು ಎದುರು ಮನೆಯ ಮಲ್ಲೇಶಪ್ಪ, ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಗೇಟಿನ ಹೊರಗೇ ಚಪ್ಪಲಿ ಬಿಟ್ಟು ಬಂದು, ನನ್ನ ಭುಜ ಮುಟ್ಟಿ, ಪಕ್ಕದ ಕಟ್ಟೆಯ ಮೇಲೆ ಕೂತರು. ಏನೂ ಮಾತಾಡಲಿಲ್ಲ. ಬಾಯಿ ಮುಚ್ಚದ ಮನುಷ್ಯ ಒಲೆ ನೋಡಿ ಬೆರಗಾಗಿದ್ದಾರೆಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು. ಸ್ವಲ್ಪ ಹೊತ್ತಿಗೆ ಎದ್ದು, ಬರ್ತೀನಿ ಎಂದೂ ಹೇಳದೆ ಹೊರಟರು. ಎಂಥ ಒರಟುತನ ಎಂದುಕೊಂಡೆ. ಆಮೇಲೆ ಕಿರಾಣಿ ಅಂಗಡಿಯವರು ಬಂದು ಅದೇ ಕಟ್ಟೆಯ ಮೇಲೆ ಕೂತರು. ಅವರ ಹಿಂದೆ ಇಬ್ಬರು ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ನಿಂತರು. ಬೀದಿಯಲ್ಲಿ ಒಂದೆರಡು ಅಂಗಡಿಗಳ ಷಟರು ಅರ್ಧಕ್ಕೆ ಇಳಿಯಿತು. ಆಗಲೂ ನನಗೆ ತಿಳಿಯಲಿಲ್ಲ. ಇಷ್ಟು ಜನ ನೋಡಿದ ಮೇಲೆ ಒಬ್ಬರಾದರೂ ಒಲೆ ಕೊಂಡುಕೊಳ್ಳಬಹುದೆಂದು ಲೆಕ್ಕ ಹಾಕುತ್ತಿದ್ದೆ. ಹೂವಿನ ಅಂಗಡಿಯವರು ದೊಡ್ಡದೊಂದು ಸೇವಂತಿಗೆ ಹಾರ ತಂದು ನನ್ನ ತೊಡೆಯ ಮೇಲಿಟ್ಟಾಗ ಲೆಕ್ಕ ಬೇರೆಯೇ ಎಂದು ಗೊತ್ತಾಯಿತು.

ನಮ್ಮ ಕಡೆ ಮನೆ ಮುಂದೆ ಕುಳ್ಳಿನ ಹೊಗೆ ಎದ್ದು, ಬಾಗಿಲು ಹಾಕಿ, ಗಂಡಸು ಹೊರಗೆ ಕೂತಿದ್ದರೆ ಯಾರೂ ಕಾರಣ ಕೇಳುವುದಿಲ್ಲ. ಒಳಗೆ ಹೆಣವಿದೆ ಎಂದೇ ಅರ್ಥ. ಅಂಥ ಮನೆಯಲ್ಲಿ ಬನ್ನಿ ಎನ್ನುವಂತಿಲ್ಲ, ಹೊರಡುವವರು ಬರ್ತೀನಿ ಎನ್ನುವಂತಿಲ್ಲ. ಅತ್ತೆಯವರ ಸ್ಥಿತಿ ಬೀದಿಗೆಲ್ಲ ಗೊತ್ತಿತ್ತು. ಇನ್ನು ನನ್ನ ಮುಖವಂತೂ ಬಾಕಿ ಏನನ್ನೂ ಉಳಿಸಿರಲಿಲ್ಲ. ಎದ್ದು ನಿಂತು ವಿಷಯ ಹೇಳಬೇಕೆನ್ನುವಷ್ಟರಲ್ಲಿ ಗೇಟು ತಳ್ಳಿಕೊಂಡು ಶಾರದಕ್ಕ ಬಂದರು. ಇವರು ಗಿರಿಜೆಯ ದೊಡ್ಡಮ್ಮನ ಮಗಳು, ಅಂದು ಸಂತೆಗೆ ಬಂದವರಿಗೆ ಯಾರೋ ಸುದ್ದಿ ಮುಟ್ಟಿಸಿದ್ದರು. ತರಕಾರಿ ಚೀಲವನ್ನು ಅಲ್ಲೇ ಬಿಸಾಕಿ, ಮುಚ್ಚಿದ ಬಾಗಿಲ ಮುಂದೆ ಕುಸಿದು ಕೂತು, ಹಾಡಿಕೊಂಡು ಅಳಲು ಶುರುಮಾಡಿದರು.

"ಯವ್ವಾ ನನ್ನ ಚಿಕ್ಕವ್ವಾ, ಬಂದಾಗೆಲ್ಲ ಬುತ್ತಿ ಕಟ್ಟಿ ಕಳಿಸ್ತಿದ್ಯಲ್ಲೇ, ತವರಿಲ್ಲದೋಳಿಗೆ ತವರಾಗಿದ್ಯಲ್ಲೇ..."

ನಿಲ್ಲಿಸುವುದು ಹೇಗೆ? ಅಳುವವರನ್ನು ತಡೆದು, ಅದು ಆಲೂಗಡ್ಡೆ ಎನ್ನುವುದು ಹೇಗೆ? ನನ್ನ ಬಾಯಿ ತೆರೆದುಕೊಂಡಿತು, ಮಾತು ಬರಲಿಲ್ಲ. ನೋಡಿದವರು ಅದನ್ನೂ ದುಃಖದ ಲೆಕ್ಕಕ್ಕೇ ಹಾಕಿದರು. ಒಳಗಿದ್ದ ಅತ್ತೆಯವರ ಕಿವಿಗೆ ಇದು ಬಿದ್ದರೆ ಅಲ್ಲೇ ಜೀವ ಹೋಗಬಹುದು, ಆಗ ಈ ಜನ ಬಂದದ್ದು ನಿಜವೇ ಆಗಿಬಿಡುತ್ತದೆ ಎಂದು ಹೆದರಿದೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಎಷ್ಟೋ ದಿನದಿಂದ ಹಾಸಿಗೆ ಬಿಟ್ಟು ಏಳದಿದ್ದ ಅತ್ತೆಯವರು ಮಗಳ ತೋಳು ಹಿಡಿದುಕೊಂಡು ಹೊಸ್ತಿಲ ಮೇಲೆ ನಿಂತಿದ್ದರು. ಶಾರದಕ್ಕನ ಹಾಡು ಅರ್ಧದಲ್ಲಿ ನಿಂತುಹೋಯಿತು. ಹಾರ ತಂದವರು ನನ್ನ ತೊಡೆಯ ಮೇಲಿದ್ದ ಹಾರವನ್ನು ಮೆಲ್ಲಗೆ ಎತ್ತಿ ಬೆನ್ನ ಹಿಂದೆ ಸರಿಸಿಕೊಂಡರು. ಅತ್ತೆಯವರು ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿ ಶಾರದಕ್ಕನಿಗೆ ಹೇಳಿದರು:

"ಎಂತಕ್ಕೆ ನಿಲ್ಸಿದ್ಯೇ? ಬುತ್ತಿ ಕಟ್ಟಿದ್ದು ಆತು, ಮುಂದೆ ಹೇಳು. ನಾ ಕೇಳ್ದೆ ಇನ್ಯಾರು ಕೇಳೂದು?"

ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಶಾರದಕ್ಕ ನಗುತ್ತಾ ಅಳುತ್ತಾ ಅವರ ಕಾಲು ಹಿಡಿದುಕೊಂಡರು. ಅತ್ತೆಯವರು ನನ್ನ ಕುರ್ಚಿಯಲ್ಲಿ ಕೂತರು. ನಾನು ಮುಚ್ಚಳ ತೆಗೆದೆ. ಆಲೂಗಡ್ಡೆಯ ಸಿಪ್ಪೆ ಮುದುಡಿ ಗರಿಗರಿಯಾಗಿತ್ತು, ಒತ್ತಿದರೆ ಒಡೆದು ಒಳಗಿನಿಂದ ಹಬೆ ಬಂತು. ಬೆಣ್ಣೆ, ಉಪ್ಪು, ಜಜ್ಜಿದ ಹಸಿಮೆಣಸಿನಕಾಯಿ ಹಾಕಿ ತಟ್ಟೆಯಲ್ಲಿ ಕೊಟ್ಟೆ. ಅವರು ನಿಧಾನವಾಗಿ, ಬೆರಳಿಗೆ ಬೂದಿ ಮಾಡಿಕೊಂಡು, ಅರ್ಧದಷ್ಟು ತಿಂದರು. ಸಾವಿನ ಮನೆಗೆಂದು ಬರಿಹೊಟ್ಟೆಯಲ್ಲಿ ಬಂದವರಿಗೆಲ್ಲ ಉಳಿದದ್ದನ್ನು ಹಂಚಿದೆವು. ತಿಂದಾದ ಮೇಲೆ ಅತ್ತೆಯವರು ಮಗಳ ಕಡೆ ನೋಡಲಿಲ್ಲ, ಕಟ್ಟೆಯ ಮೇಲಿದ್ದ ಬೆಕ್ಕಿನ ಕಡೆಯೂ ನೋಡಲಿಲ್ಲ. ನನ್ನನ್ನೇ ನೋಡಿದರು.

"ಅಳಿಯಂದ್ರೆ, ಉಪ್ಪು ಸ್ವಲ್ಪ ಮುಂದಾತು. ನಾಳೆ ನೋಡಿ ಹಾಕಿ."

ನಾಳೆ ಎಂಬ ಮಾತು ನಮ್ಮ ಮನೆಯಲ್ಲಿ ಬಹಳ ದಿನದಿಂದ ಕೇಳಿಬಂದಿರಲಿಲ್ಲ. ಗಿರಿಜೆ ತಟ್ಟೆ ಎತ್ತಿಕೊಂಡು ಒಳಗೆ ಹೋದವಳು ಸುಮಾರು ಹೊತ್ತು ಹೊರಗೆ ಬರಲಿಲ್ಲ. ಅಷ್ಟು ವರ್ಷದ ಸಂಬಂಧದಲ್ಲಿ ನನಗೆಂದೇ ಬಂದ ಮೊದಲ ಮಾತು ಅದು, ಅದೂ ತಪ್ಪು ಹುಡುಕಿದ್ದು. ನನಗೆ ಅದಕ್ಕಿಂತ ಸಂತೋಷ ಕೊಟ್ಟ ಮಾತು ಇನ್ನೊಂದಿಲ್ಲ.

ಅಂದಿನಿಂದ ಸಂಜೆಯಾದರೆ ಅಂಗಳದಲ್ಲಿ ಒಲೆ. ಅಂಗಡಿ ಬೇಗ ಮುಚ್ಚಿ ಬರುತ್ತಿದ್ದೆ. ಅತ್ತೆಯವರು ಪಕ್ಕದಲ್ಲಿ ಶಾಲು ಹೊದ್ದು ಕೂತು ಮೇಲ್ವಿಚಾರಣೆ ಮಾಡುವರು. ಮಾತೂ ಬೆಳೆಯಿತು. ಆ ದಿನ ತಮ್ಮ ಸಾವಿಗೆ ಯಾರು ಬಂದಿದ್ದರು, ಯಾರು ಬಂದಿರಲಿಲ್ಲ ಎಂಬುದರ ವಿಚಾರಣೆ ನಡೆಯುತ್ತಿತ್ತು. ಮೂಲೆ ಮನೆಯವರು ಬಾರದಿದ್ದುದರಿಂದ ಅತ್ತೆಯವರಿಗೆ ಬಹಳ ನೋವಾಗಿತ್ತು. ನಾನು ಆ ಮನೆಗೆ ಮಾತ್ರ ಆಲೂಗಡ್ಡೆ ಕಳಿಸದಂತೆ ನೋಡಿಕೊಂಡರು. ಉಳಿದ ಮನೆಗಳಿಗೆಲ್ಲ ನಾನೇ ತಟ್ಟೆ ಹಿಡಿದುಕೊಂಡು ಹೋಗಿ ಕೊಟ್ಟು ಬರುತ್ತಿದ್ದೆ. ಬೀದಿಯವರಿಗೆ ನಮ್ಮ ಮನೆಯ ಹೊಗೆ ರೂಢಿಯಾಯಿತು. ಆದರೆ ಅರ್ಧ ಆಲೂಗಡ್ಡೆ ಕಾಲಾಯಿತು, ಕಾಲು ಒಂದು ತುತ್ತಾಯಿತು. ಕೊನೆಕೊನೆಗೆ ಬಿಸಿ ಆಲೂಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಎರಡೂ ಕೈಯಲ್ಲಿ ಸುಮ್ಮನೆ ಹಿಡಿದುಕೊಂಡಿರುತ್ತಿದ್ದರು. ಕೈ ಬೆಚ್ಚಗಾಗ್ತದೆ ಎನ್ನುವರು. ನಾನು ಮಾತ್ರ ದಿನವೂ ಉಪ್ಪು ನೋಡಿಯೇ ಹಾಕುತ್ತಿದ್ದೆ.

ಒಂದು ಬೆಳಿಗ್ಗೆ ಗಿರಿಜೆ ಕೂಗಿದಳು. ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಕುಪ್ಪಗಡ್ಡೆಗೆ ಫೋನ್ ಮಾಡಿ, ಒಲೆಯನ್ನು ಗೋಡೆಯ ಬದಿಗೆ ಸರಿಸಿ, ಅದೇ ಜಾಗದಲ್ಲಿ, ಅದೇ ಪುಟ್ಟಿಯ ಕುಳ್ಳು ಹಾಕಿ ಬೆಂಕಿ ಹಚ್ಚಿದೆ. ಈ ಸಲ ಕುಳ್ಳು ಚೆನ್ನಾಗಿ ಒಣಗಿತ್ತು. ಕುರ್ಚಿ ಹಾಕಿಕೊಂಡು ಹೊರಗೆ ಕೂತೆ. ಬೀದಿಯಲ್ಲಿ ಜನ ಓಡಾಡಿದರು, ನನ್ನತ್ತ ನೋಡಿ ಕೈ ಎತ್ತಿದರು, ಮುಂದೆ ಹೋದರು. ಒಂದು ಷಟರೂ ಇಳಿಯಲಿಲ್ಲ. ಮಲ್ಲೇಶಪ್ಪ ಹಾಲಿನ ಪೊಟ್ಟಣ ಹಿಡಿದುಕೊಂಡು ಗೇಟಿನ ಹತ್ತಿರ ನಿಂತು ನಕ್ಕರು.

"ಏನ್ರೀ ಸಾವ್ಕಾರ್ರೆ, ಇವತ್ತು ಮುಂಜಾನೆನೇ ಶುರು ಮಾಡೀರಿ? ನಮಗೂ ಒಂದು ಇಟ್ಟಿರ್ರಿ, ಬರ್ತೀನಿ."

ಬರ್ತೀನಿ ಎಂದೇಬಿಟ್ಟರು. ನಾನು ತಲೆ ಎತ್ತಿ ನೋಡಿದೆ. ನನ್ನ ಮುಖ ನೋಡಿದರೆ ಸಾಕು, ತಿಳಿಯುತ್ತದೆ ಎಂದುಕೊಂಡಿದ್ದೆ. ಅವರು ಆ ಮುಖವನ್ನು ದಿನವೂ ನೋಡುತ್ತಿದ್ದವರು, ಕೈ ಬೀಸಿ ತಮ್ಮ ಮನೆಯೊಳಗೆ ಹೋದರು. ಜೀವಮಾನದಲ್ಲಿ ಒಂದು ಸಲ ಈ ಮುಖಕ್ಕೆ ತಕ್ಕಷ್ಟು ದುಃಖ ಬಂದಿತ್ತು, ಅದನ್ನು ಯಾರೂ ನಂಬಲಿಲ್ಲ. ಕೊನೆಗೆ ನಾನೇ ಎದ್ದು ಮನೆಮನೆಗೆ ಹೋಗಿ ಹೇಳಿ ಬರಬೇಕಾಯಿತು. ಮೂಲೆ ಮನೆಗೂ ಹೋದೆ. ಬಾಗಿಲು ತೆರೆದವರೆಲ್ಲ ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಕೈಯಲ್ಲಿ ತಟ್ಟೆ ಇದೆಯೇ ಎಂದು.