ಸೇವೆಗೆ ವೃದ್ಧರ ಕೊರತೆ

ರಜಾಕಾಲದಲ್ಲಿ ಬಂಧುಗಳು ಒಬ್ಬರಿಗೊಬ್ಬರು ಉಡುಗೊರೆ ಕೊಡುವುದು ಹೃದಯಹೀನ ಪದ್ಧತಿಯೆಂದೂ, ಅದರ ಬದಲು ಇಡೀ ಕುಟುಂಬ ಒಟ್ಟಾಗಿ ಸೇವೆ ಮಾಡತಕ್ಕದ್ದೆಂದೂ ನಗರಸಭೆ ಸರ್ವಾನುಮತದಿಂದ ತೀರ್ಮಾನಿಸಿತು. ಉಡುಗೊರೆ ಅಂಗಡಿಯವರು ಪ್ರತಿಭಟಿಸಲಿಲ್ಲ. ಸೇವಾರ್ಥಿಗಳು ತೊಡಬೇಕಾದ ಹಳದಿ ಅಂಗಿಯ ಗುತ್ತಿಗೆ ಅವರಿಗೇ ಸಿಕ್ಕಿತ್ತು. 'ಮನೆಗೆ ಮಾರಿ, ಊರಿಗೆ ಉಪಕಾರಿ' ಎಂಬ ಗಾದೆಯ ಮೊದಲರ್ಧ ಬಿಟ್ಟು, ಉಳಿದದ್ದನ್ನು ಅಂಗಿಯ ಬೆನ್ನಿಗೆ ಅಚ್ಚು ಹಾಕಿಸಲಾಗಿತ್ತು.

ವಿಮಾ ಕಚೇರಿಯ ಉಪವ್ಯವಸ್ಥಾಪಕರು ಮೊದಲ ದಿನವೇ ಹೆಂಡತಿ, ಮಗಳೊಂದಿಗೆ ಅಂಗಿ ತೊಟ್ಟು ವೃದ್ಧಾಶ್ರಮಕ್ಕೆ ಹೋದರು. ಬಾಗಿಲಿನಿಂದ ಬೀದಿಯ ತಿರುವಿನವರೆಗೂ ಹಳದಿ ಅಂಗಿಗಳೇ ನಿಂತಿದ್ದವು. ಸೇವೆ ಮಾಡುವವರು ಸಾಕಷ್ಟಿದ್ದರು, ಮಾಡಿಸಿಕೊಳ್ಳುವವರು ಬೆರಳೆಣಿಕೆಯಷ್ಟು. ಒಬ್ಬ ಮುದಿ ದರ್ಜಿಯ ಉಗುರನ್ನು ಅಷ್ಟು ಹೊತ್ತಿಗಾಗಲೇ ಮೂರು ಕುಟುಂಬಗಳು ಕತ್ತರಿಸಿದ್ದವು. ನಾಲ್ಕನೆಯವರಿಗೆ ಕತ್ತರಿಸಲು ಏನೂ ಉಳಿದಿರಲಿಲ್ಲ. ಅವರು ಆತನ ಕೈ ಹಿಡಿದು ಫೋಟೊ ತೆಗೆಸಿಕೊಂಡು, ವೃದ್ಧರ ಗುಣಮಟ್ಟ ಕುಸಿಯುತ್ತಿದೆ ಎಂದು ದೂರು ಕೊಟ್ಟರು.

ಮಧ್ಯಾಹ್ನ ಮೇಲ್ವಿಚಾರಕಿ ಮೆಟ್ಟಿಲ ಮೇಲೆ ನಿಂತು ಪ್ರಕಟಣೆ ಓದಿದರು: "ಒಬ್ಬ ವೃದ್ಧರಿಗೆ ದಿನಕ್ಕೆ ಎರಡಕ್ಕಿಂತ ಹೆಚ್ಚು ಸ್ನಾನ ಮಾಡಿಸುವಂತಿಲ್ಲ. ನಿದ್ರಿಸುತ್ತಿರುವವರನ್ನು ಸಾಂತ್ವನ ಹೇಳುವ ಸಲುವಾಗಿ ಎಬ್ಬಿಸಕೂಡದು. ಸ್ವಂತ ವೃದ್ಧರನ್ನು ತಂದು ಸೇರಿಸುವ ಕುಟುಂಬಗಳಿಗೆ ಆದ್ಯತೆ ನೀಡಲಾಗುವುದು."

ಉಪವ್ಯವಸ್ಥಾಪಕರಿಗೆ ಆಗ ತಾಯಿಯ ನೆನಪಾಯಿತು.

ತಾಯಿ ಮನೆಯ ಹಿಂದಿನ ಕೋಣೆಯಲ್ಲಿದ್ದರು. ಕಣ್ಣಿನ ಆಪರೇಷನ್ ಆಗಿತ್ತು. ಮನೆಯವರೆಲ್ಲ ಸೇವಾ ತರಬೇತಿಯಲ್ಲಿ ಮುಳುಗಿದ್ದರಿಂದ ಔಷಧಿಯ ಹನಿಯನ್ನು ತಾವೇ ಅಂದಾಜಿನಲ್ಲಿ ಹಾಕಿಕೊಳ್ಳುತ್ತಿದ್ದರು. ಅದು ಹೆಚ್ಚಾಗಿ ಕೆನ್ನೆಗೆ ಬೀಳುತ್ತಿತ್ತು. ಮಗ ಮಂಚದ ಅಂಚಿನಲ್ಲಿ ಕುಳಿತು ವಿಷಯ ವಿವರಿಸಿದರು.

"ಅಲ್ಲಿಗೆ ಬಂದ್ರೆ ಕಣ್ಣಿಗೆ ಹನಿ ಹಾಕ್ತೀಯೇನೋ?" ಎಂದರು ತಾಯಿ.

"ಖಂಡಿತ ಹಾಕ್ತೀನಮ್ಮ. ಅಲ್ಲಿ ಅದು ಸೇವೆ."

"ಇಲ್ಲಿ?"

"ಇಲ್ಲಿ ಅದು ಮನೆಗೆಲಸ."

ತಾಯಿಗೆ ವ್ಯತ್ಯಾಸ ಅರ್ಥವಾಯಿತು. ಬಟ್ಟೆಯ ಗಂಟು ಕಟ್ಟಿಕೊಂಡು ಹೊರಟರು.

ಆದರೆ ವೃದ್ಧಾಶ್ರಮದಲ್ಲಿ ಇನ್ನೊಂದು ನಿಯಮವಿತ್ತು. ಹೆತ್ತವರಿಗೆ ಮಾಡುವುದು ಕರ್ತವ್ಯ, ಕರ್ತವ್ಯಕ್ಕೆ ಸೇವಾ ಪ್ರಮಾಣಪತ್ರ ಕೊಡಲಾಗದು ಎಂದು ಮೇಲ್ವಿಚಾರಕಿ ವಿನಯದಿಂದಲೇ ತಿಳಿಸಿದರು. ಹಾಗಾಗಿ ತಾಯಿಯನ್ನು, ಅದೇ ರೀತಿ ತಂದೆಯನ್ನು ಕರೆತಂದಿದ್ದ ಹಲ್ಲಿನ ಡಾಕ್ಟರೊಬ್ಬರ ಕುಟುಂಬಕ್ಕೂ, ಡಾಕ್ಟರ ತಂದೆಯಾದ ನಿವೃತ್ತ ರೈಲು ಚಾಲಕರನ್ನು ಉಪವ್ಯವಸ್ಥಾಪಕರ ಕುಟುಂಬಕ್ಕೂ ಮಂಜೂರು ಮಾಡಲಾಯಿತು.

ಉಪವ್ಯವಸ್ಥಾಪಕರು ಚಾಲಕರ ಕಾಲೊತ್ತಿದರು. ಸುರಂಗದಲ್ಲಿ ರೈಲು ಕೆಟ್ಟು ನಿಂತ ಕಥೆಯನ್ನು ಬಾಯಿ ಬಿಟ್ಟುಕೊಂಡು ಕೇಳಿದರು. ಅದೇ ಕಥೆ ಮತ್ತೆ ಬಂದಾಗ ಮೊದಲಿಗಿಂತ ಜೋರಾಗಿ ನಕ್ಕರು. ಪಕ್ಕದ ಹಾಸಿಗೆಯಲ್ಲಿ ಡಾಕ್ಟರು ತಾಯಿಯ ತಲೆಯನ್ನು ಅಂಗೈಯಲ್ಲಿ ಹಿಡಿದು ಕಣ್ಣಿಗೆ ಹನಿ ಹಾಕುತ್ತಿದ್ದರು. ತಾಯಿ ಏನೋ ಹೇಳಿದರು, ಡಾಕ್ಟರ ಮನೆಯವರೆಲ್ಲ ನಕ್ಕರು. ತಾಯಿಗೆ ತಮಾಷೆ ಮಾಡಲು ಬರುತ್ತದೆ ಎಂಬುದು ಉಪವ್ಯವಸ್ಥಾಪಕರಿಗೆ ಹೊಸ ಸಂಗತಿ. ಅವರು ಕಾಲೊತ್ತುವುದನ್ನು ಬಿಟ್ಟು ಅತ್ತ ತಿರುಗಿದರು. ಆ ಕಡೆ ಯಾಕೆ ನೋಡ್ತೀರಿ, ಕ್ಯಾಮೆರಾ ಈ ಕಡೆ ಇದೆ ಎಂದು ಹೆಂಡತಿ ನೆನಪಿಸಿದರು.

ರಜೆ ಮುಗಿದಾಗ ಸ್ವಂತ ವೃದ್ಧರನ್ನು ವಾಪಸು ಒಯ್ಯುವಂತೆ ಸೂಚನೆ ಬಂತು. ಉಪವ್ಯವಸ್ಥಾಪಕರು ಹೋಗಿ ನೋಡಿದರೆ ತಾಯಿ ಆಗಲೇ ಡಾಕ್ಟರ ಕಾರಿನಲ್ಲಿ ಕುಳಿತಿದ್ದರು.

"ಅಮ್ಮಾ, ನಮ್ಮ ಕಾರು ಆ ಕಡೆ ಇದೆ."

"ಗೊತ್ತಪ್ಪ," ಎಂದರು ತಾಯಿ. "ನಿನ್ನ ಮನೇಲಿ ನಾನು ಅಮ್ಮ. ಇವರ ಮನೇಲಿ ಅನಾಥೆ. ಹೊತ್ತುಹೊತ್ತಿಗೆ ನೋಡ್ಕೋತಾರೆ."

ಇದಕ್ಕೆ ನಿಯಮದಲ್ಲಿ ಅವಕಾಶವಿದೆಯೇ ಎಂದು ಉಪವ್ಯವಸ್ಥಾಪಕರು ವಿಚಾರಿಸಿದರು. ತಲೆ ಲೆಕ್ಕ ಸರಿಹೋದರೆ ಅಭ್ಯಂತರವಿಲ್ಲ ಎಂದರು ಮೇಲ್ವಿಚಾರಕಿ. ಅವರು ತಮ್ಮ ಕಾರಿಗೆ ಮರಳಿದಾಗ ಮುಂದಿನ ಸೀಟಿನಲ್ಲಿ ರೈಲು ಚಾಲಕರು ಬೆಲ್ಟು ಬಿಗಿದುಕೊಂಡು, ಹೊರಡಲು ಇನ್ನೂ ಯಾಕೆ ತಡ ಎಂದು ಕೇಳಿದರು.

ನಗರಸಭೆ ಇದನ್ನು ಮಾದರಿ ವ್ಯವಸ್ಥೆಯೆಂದು ಘೋಷಿಸಿದೆ. ಈಗ ನಮ್ಮ ಊರಿನಲ್ಲಿ ಹೆತ್ತ ಮಕ್ಕಳ ಮನೆಯಲ್ಲಿರುವ ವೃದ್ಧರು ಒಬ್ಬರೂ ಇಲ್ಲ. ಎಲ್ಲರೂ ಆರೋಗ್ಯವಾಗಿದ್ದಾರೆ.